ಮೀಸೆಗೆ ಹಚ್ಚಿದ ಮುಲಾಮು

ಕೆಲವು ಮನೆತನಗಳಲ್ಲಿ ಸಂಗೀತ ಇಳಿದು ಬರುತ್ತದೆ, ಕೆಲವರಲ್ಲಿ ಹೊಲ ಇಳಿದು ಬರುತ್ತದೆ. ನಮ್ಮಲ್ಲಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಇಳಿದು ಬಂದದ್ದು ದಪ್ಪ ಮೀಸೆ ಮತ್ತು ಔಷಧಿಯನ್ನು ಪೂರ್ತಿ ಮುಗಿಸದಿರುವ ಚಟ. ಮೀಸೆಯ ವಿಚಾರ ಆಮೇಲೆ ಹೇಳುತ್ತೇನೆ. ಡಾಕ್ಟರು ಐದು ದಿನಕ್ಕೆಂದು ಗುಳಿಗೆ ಕೊಟ್ಟರೆ ನಮ್ಮಪ್ಪ ಎರಡನೆಯ ದಿನವೇ ಎದ್ದು, ರುಮಾಲು ಸುತ್ತಿಕೊಂಡು ಸಂತೆಗೆ ನಡೆದುಬಿಡುತ್ತಿದ್ದರು. ಉಳಿದ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಟ್ಟು, "ಇರ್ಲಿ ಬಿಡು, ಮುಂದ ಬೇಕಾಕ್ಕಾವು" ಅನ್ನುತ್ತಿದ್ದರು. ನಾನು ಓದಿದವನು, ಮಾಸ್ತರ. ಹಾಗಾಗಿ ಕಾಗದದಲ್ಲಿ ಕಟ್ಟುವುದಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಬೇಸನ್ ಉಂಡೆ ಇಡುವ ಡಬ್ಬಿಯದು. ಈಗ ಅದರಲ್ಲಿ ಅರ್ಧ ಕುಡಿದ ಕೆಮ್ಮಿನ ಔಷಧಿ, ಅಂಚು ಕತ್ತರಿಸಿದ ಗುಳಿಗೆ ಹಾಳೆಗಳು, ಬಾಲದಿಂದ ಸುರುಳಿ ಸುತ್ತಿದ ಮುಲಾಮಿನ ಟ್ಯೂಬುಗಳು ತುಂಬಿವೆ. ಹೆಸರು ಅಳಿಸಿಹೋಗಿದ್ದರೂ ನನಗೆ ಅಡ್ಡಿಯಿಲ್ಲ. ಹಳದಿ ಮುಚ್ಚಳದ್ದು ಅಳಿಯನ ಗಜಕರ್ಣದ್ದು, ಮುಚ್ಚಳವಿಲ್ಲದ್ದು ಅತ್ತೆಯವರ ಮೊಳಕಾಲಿನದು ಎಂದು ಬಾಯಿಪಾಠವಾಗಿದೆ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರಿಗೆ ಏನೇ ಆದರೂ ಮೊದಲು ಈ ಡಬ್ಬಿಯ ಹತ್ತಿರ ಬರುತ್ತಾರೆ. ಹೆಪ್ಪಿಗೆ ಮೊಸರು ಕೇಳಿಕೊಂಡು ಬರುವಂತೆ ಬಟ್ಟಲು ಹಿಡಿದು ಬರುವುದೊಂದು ಬಾಕಿ. ನಾನು ಕನ್ನಡಕ ಏರಿಸಿ, ನಾಲಿಗೆ ತೋರಿಸಲು ಹೇಳಿ, ಬಂದವರಿಗೆ ಕೆರೆತವೇ ಇದ್ದರೂ ನಾಲಿಗೆ ನೋಡಿಯೇ ಟ್ಯೂಬು ಕೊಡುತ್ತೇನೆ. ಪಕ್ಕದ ಮನೆಯ ದರ್ಜಿ ಖಾಜಾಸಾಬ ಒಮ್ಮೆ, "ಮಾಸ್ತರ್ರ, ದವಾಖಾನಿಗಿಂತ ನಿಮ್ಮ ಡಬ್ಬಿನ ಚಲೋ ನೋಡ್ರಿ, ಪಾಳಿ ಹಚ್ಚೂದಿಲ್ಲ" ಅಂದ. ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದ್ದಕ್ಕೆ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಆ ದಿನ ಖುಷಿಯಲ್ಲಿ ಅವನಿಗೆ ಬೇಡವಾದ ಕಣ್ಣಿನ ಹನಿಯನ್ನೂ ಕೊಟ್ಟು ಕಳಿಸಿದೆ.

ಇನ್ನು ಮೀಸೆ. ನಾನು ಸೂಡಿಯ ಹೈಸ್ಕೂಲಿನಲ್ಲಿ ಮಾಸ್ತರ. ದಿನಾ ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಊರಿನವರಿಗೆ ನನ್ನ ಹೆಸರು ಗೊತ್ತಿಲ್ಲ, 'ಮೀಸಿ ಮಾಸ್ತರ' ಅಂದರೆ ಗೊತ್ತು. ನಾನು ವರ್ಗದೊಳಗೆ ಕಾಲಿಟ್ಟೊಡನೆ ಮಕ್ಕಳು ಸುಮ್ಮನಾಗುವುದು ಮೀಸೆಯಿಂದಲೇ ಎಂದು ನನಗೆ ಖಾತ್ರಿಯಿತ್ತು. ನನ್ನಲ್ಲಿ ಇನ್ನೊಂದು ವಿದ್ಯೆಯೂ ಇತ್ತು, ಅದನ್ನು ಯಾವ ಟ್ರೇನಿಂಗಿನಲ್ಲೂ ಕಲಿಸುವುದಿಲ್ಲ. ಮನೆಗೆಲಸದ ಲೆಕ್ಕವನ್ನು ಯಾರಾದರೂ ನಕಲು ಮಾಡಿಕೊಂಡು ಬಂದಿದ್ದರೆ, ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. "ಈ ಕಡೆ ನೋಡು" ಅನ್ನುತ್ತಿದ್ದೆ, ಅಷ್ಟೇ. ಸುಳ್ಳು ಹೇಳುವವರ ಮೇಲುತುಟಿ ಒಂದು ಮೂಲೆಯಲ್ಲಿ ಸಣ್ಣಗೆ ನಡುಗುತ್ತದೆ. ಎಷ್ಟೋ ಮಕ್ಕಳನ್ನು ಹಾಗೆ ಹಿಡಿದಿದ್ದೇನೆ. ಅವರಲ್ಲಿ ರೇಣುಕಾ ಎಂಬ ಹುಡುಗಿಯೂ ಒಬ್ಬಳು. ಬಹಳ ಜಾಣೆ. ಒಂದೇ ಒಂದು ಸಲ ನಕಲು ಮಾಡಿದಳು, ಒಂದೇ ನೋಟಕ್ಕೆ ಸಿಕ್ಕಿಬಿದ್ದಳು. ಇಡೀ ವರ್ಗಕ್ಕೆ ಅವಳ ತುಟಿ ತೋರಿಸಿ ಪಾಠ ಮಾಡಿದ್ದೆ. ಈಗ ನೆನೆದರೆ ಅಷ್ಟು ಮಾಡಬಾರದಿತ್ತು ಅನ್ನಿಸುತ್ತದೆ.

ಈಗ ತೊಂದರೆಗೆ ಬರೋಣ. ನರಗುಂದದಲ್ಲಿ ನನ್ನ ಷಡ್ಡಕ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದ. ಅವನು ನನಗಿಂತ ಎರಡು ವರ್ಷ ದೊಡ್ಡವನು. ಆದರೆ ತಲೆಗೂ ಮೀಸೆಗೂ ಬಣ್ಣ ಹಚ್ಚಿ ನನಗಿಂತ ಹತ್ತು ವರ್ಷ ಸಣ್ಣವನಾಗಿದ್ದಾನೆ. ಬಣ್ಣ ಹಚ್ಚುವುದು ನನ್ನ ತತ್ವಕ್ಕೆ ವಿರುದ್ಧ. ಕೀಳುವುದು ವಿರುದ್ಧವಲ್ಲ. ವಾಸ್ತುಶಾಂತಿಯ ಹಿಂದಿನ ದಿನ ಕನ್ನಡಿಯ ಮುಂದೆ ನಿಂತು ಮೀಸೆಯಲ್ಲಿದ್ದ ಬಿಳಿ ಕೂದಲುಗಳನ್ನು ಒಂದೊಂದಾಗಿ ಕಿತ್ತೆ. ಹದಿಮೂರು ಇದ್ದವು. ಕೀಳಲು ಬಳಸಿದ್ದು ನನ್ನ ಕೀಲಿಗೊಂಚಲಿನಲ್ಲಿ ನೇತಾಡುವ ಚಿಮಟ. ನಮ್ಮ ಕಡೆ ಕೀಲಿಗೊಂಚಲಿಗೆ ಚಿಮಟ ಇರದ ಗಂಡಸು ಅಪರೂಪ. ಎಲ್ಲಿ ಕಾಲಿಟ್ಟರೂ ಜಾಲಿಮುಳ್ಳು, ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರು ಚಪ್ಪಲಿ ಬಿಟ್ಟು ಪಾದ ಮುಂದೆ ಮಾಡುತ್ತಾರೆ, ಚಿಮಟ ಇದ್ದವನು ಮುಳ್ಳು ತೆಗೆದುಕೊಡುತ್ತಾನೆ. ಗುರುತು ಪರಿಚಯ ಬೇಕಿಲ್ಲ. ಸೂಡಿ, ರಾಜೂರದ ಎಷ್ಟು ಪಾದಗಳನ್ನು ನನ್ನ ಚಿಮಟ ಕಂಡಿದೆಯೋ ಲೆಕ್ಕವಿಲ್ಲ. ಅದನ್ನು ತೊಳೆಯಬೇಕು ಎಂಬ ವಿಚಾರ ಮಾತ್ರ ಗಣಿತದ ಮಾಸ್ತರನ ತಲೆಗೆ ಎಂದೂ ಹೊಳೆದಿರಲಿಲ್ಲ.

ವಾಸ್ತುಶಾಂತಿಯಲ್ಲಿ ಯಾರೂ ನನ್ನ ಮೀಸೆ ನೋಡಲಿಲ್ಲ, ಎಲ್ಲರೂ ಷಡ್ಡಕನ ಟೈಲ್ಸ್ ನೋಡಿದರು. ಮೂರನೆಯ ದಿನ ಮೀಸೆಯೊಳಗೆ ಎಡಗಡೆ ಚುಳುಚುಳು ಅಂದಿತು. ನಾಲ್ಕನೆಯ ದಿನ ಗುಳ್ಳೆ, ಐದನೆಯ ದಿನ ಎರಡು, ಮೇಲೆ ಜೇನಿನ ಬಣ್ಣದ ಹಕ್ಕಳೆ. ಹೆಂಡತಿ ನೀಲಾ ಕೇಳಿದಳು, "ಏನ್ರಿ ಅದು, ತುಟಿ ಬಾತೈತಲ್ಲ?" ಬಿಳಿ ಕೂದಲು ಕಿತ್ತೆ ಎಂದು ಹೇಗೆ ಹೇಳಲಿ? ಷಡ್ಡಕನ ಬಣ್ಣದ ಬಗ್ಗೆ ನರಗುಂದದಿಂದ ಬರುವಾಗ ಬಸ್ಸಿನಲ್ಲಿ ಅವಳ ಮುಂದೆ ಉದ್ದಕ್ಕೂ ಚಾಷ್ಟಿ ಮಾಡಿದ್ದೆ. "ಬಸ್ಸಿನ ಕಂಬಿ ಬಡೀತು" ಅಂದೆ. ಅವಳು ನಂಬಿದಳು. ಇಪ್ಪತ್ತಾರು ವರ್ಷಗಳಿಂದ ನಾನು ಹೇಳಿದ್ದನ್ನೆಲ್ಲ ಅವಳು ಹೀಗೇ ನಂಬುತ್ತ ಬಂದಿದ್ದಳು. ಶಾಲೆಯಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಯುವುದಿಲ್ಲ ಅಂದಿದ್ದನ್ನೂ, ಅವಳ ತಮ್ಮ ಹಾಡಿದ್ದು ಚಲೋ ಇತ್ತು ಅಂದಿದ್ದನ್ನೂ.

ಮುಂಜಾನೆಯ ಬಸ್ಸಿನಲ್ಲಿ ನನ್ನ ತುಟಿ ಸಾರ್ವಜನಿಕ ಆಸ್ತಿಯಾಯಿತು. ಒಬ್ಬರು ಉಳ್ಳಾಗಡ್ಡಿ ಸುಟ್ಟು ಕಟ್ಟಲು ಹೇಳಿದರು, ಒಬ್ಬರು ಸುಣ್ಣ ಬೆಲ್ಲ ಅಂದರು. ಹಿಂದಿನ ಸೀಟಿನ ಅಜ್ಜಿ ಎದ್ದು ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಇದು ದೃಷ್ಟಿ ನೋಡಪಾ, ಮೀಸಿಗಿ ಬಿದ್ದೈತಿ" ಅಂದಳು. ನಿಜ ಹೇಳಬೇಕೆಂದರೆ ಆ ಮಾತು ನನಗೆ ಹಿತವಾಯಿತು. ಆದರೆ ನಾನು ಸ್ವಂತ ಡಬ್ಬಿ ಇದ್ದವನು. ಮನೆಗೆ ಬಂದು ಹಳದಿ ಮುಚ್ಚಳದ ಟ್ಯೂಬು ಹಚ್ಚಿದೆ. ಅಳಿಯನ ಗಜಕರ್ಣಕ್ಕೆ ಬಂದದ್ದು ನನ್ನ ತುಟಿಗೆ ಯಾಕೆ ಬರಬಾರದು? ಎರಡು ದಿನ ತಣ್ಣಗಾಯಿತು. ಮೂರನೆಯ ದಿನ ಗುಳ್ಳೆಗಳು ಐದಾದವು. ಓಣಿಯ ಡಾಕ್ಟರನೆಂದು ಹೆಸರಾದವನು ಯಾರಿಗೂ ಹೇಳದೆ ಶಾಲೆಗೆ ಅರ್ಧ ದಿನ ರಜೆ ಹಾಕಿ ರೋಣದ ಬಸ್ಸು ಹತ್ತಿದೆ.

ರೋಣದ ದವಾಖಾನೆಯಲ್ಲಿ ಪಾಳಿ ಹಚ್ಚಿ ಒಳಗೆ ಹೋದರೆ, ಕುರ್ಚಿಯಲ್ಲಿ ಕುಳಿತ ಡಾಕ್ಟರು ಥಟ್ಟನೆ ಎದ್ದು ನಿಂತರು. "ಸರ್, ಬರ್ರಿ ಬರ್ರಿ! ನಾ ರೇಣುಕಾ ರೀ, ಸೂಡಿ ಸಾಲಿ!" ನಾನು "ಏ, ನೀನಾ?" ಅಂದೆ. ಕೂಡಲೇ ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ "ನೀವಾ?" ಅಂದೆ. ಆಮೇಲೆ ಇಡೀ ಭೇಟಿಯಲ್ಲಿ ಎರಡರ ನಡುವೆ ತೂಗಾಡಿದೆ. ಆಕೆ ಕೈಗವಸು ಹಾಕಿಕೊಂಡು ಮೀಸೆಯನ್ನು ಎರಡು ಬೆರಳಿನಿಂದ ಬೇರ್ಪಡಿಸಿ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಆ ಮೀಸೆಯನ್ನು ಹಾಗೆ ಮುಟ್ಟಿದವರಿಲ್ಲ. "ಕೂದಲದ ಬುಡಕ್ಕ ಸೋಂಕು ಆಗೈತ್ರಿ ಸರ್. ಏನರ ಕಿತ್ತೀರೇನು?" ಅಂದಳು. "ಬಸ್ಸಿನ ಕಂಬಿ" ಅಂದೆ. ಆಕೆ ಕೈಗವಸು ಕಳಚಿ ಪೆನ್ನು ತೆಗೆದುಕೊಂಡಳು. ಆ್ಯಂಟಿಬಯೋಟಿಕ್ ಮುಲಾಮೊಂದನ್ನು ಬರೆದುಕೊಟ್ಟಳು. "ಬೆಚ್ಚನ ನೀರಿಲೆ ಹಕ್ಕಳಿ ಮೆತ್ತಗ ಮಾಡಿ ತಗೀರಿ, ಒರಸ್ರಿ, ತೆಳ್ಳಗ ಹಚ್ಚರಿ. ದಿನಕ್ಕ ಮೂರು ಸಲ, ಏಳು ದಿನ. ಮೂರನೇ ದಿನಕ್ಕ ಒಣಗಿದಂಗ ಕಾಣಸತೈತಿ, ಬಿಡಬ್ಯಾಡ್ರಿ. ಟವೆಲ್ ಬ್ಯಾರೆ ಇಟಗೋರಿ. ಟ್ಯೂಬ್ ಯಾರಿಗೂ ಕೊಡಬ್ಯಾಡ್ರಿ, ಉಳದ್ರ ಒಗದಬಿಡ್ರಿ." ಒಗೆಯುವುದು ಎಂಬ ಶಬ್ದ ಕೇಳಿ ನನ್ನ ಎದೆಯಲ್ಲಿ ಅಪ್ಪ ಮಗ್ಗಲು ಬದಲಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. "ಮತ್ತ ಸರ್, ಮೀಸಿ ತಗೀಬೇಕಾಕ್ಕೈತ್ರಿ. ಇಲ್ಲಂದ್ರ ಮುಲಾಮ ಚರ್ಮಕ್ಕ ಮುಟ್ಟೂದಿಲ್ಲ, ಬರೇ ಮೀಸಿಗಿ ಹಚ್ಚಿದಂಗ ಆಕ್ಕೈತಿ." ಈಗಿನ ಮಕ್ಕಳಿಗೆ ಹಿರಿಯರೆಂದರೆ ಗೌರವವಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡು, "ನೋಡೋಣಂತ" ಎಂದು ಹೊರಬಂದೆ.

ನೋಡಲಿಲ್ಲ. ಮೀಸೆ ತೆಗೆದರೆ ಹತ್ತನೆಯ ವರ್ಗದ ಗತಿ ಏನು? ಅರವತ್ತು ಮಕ್ಕಳು ಮೈಮೇಲೆ ಬೀಳುತ್ತಾರೆ. ತೆಳ್ಳಗೆ ಹಚ್ಚಿದರೆ ತಾನೇ ಮುಟ್ಟುವುದಿಲ್ಲ, ದಪ್ಪಗೆ ಹಚ್ಚಿದರೆ ತಾನಾಗಿಯೇ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಬೆರಳು ತುಂಬ ತೆಗೆದುಕೊಂಡು ಮೀಸೆಗೆ ಬಳಿದೆ. ಆ ಮೂರು ದಿನ ನನ್ನ ಮೀಸೆ ಹೊಳೆದ ಹಾಗೆ ಎಂದೂ ಹೊಳೆದಿರಲಿಲ್ಲ. ತುದಿಗಳು ತಾವಾಗಿ ಮೇಲೆದ್ದು ನಿಂತವು. ಖಾಜಾಸಾಬ ಹೊಲಿಗೆಯ ಮಷೀನು ನಿಲ್ಲಿಸಿ, "ಏನ್ ಮಾಸ್ತರ್ರ, ಮೀಸಿ ಅಂದ್ರ ಮೀಸಿ! ಯಾವ ಎಣ್ಣಿರಿ?" ಎಂದು ಕೇಳಿದ. ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುತ್ತ ನಮಸ್ಕಾರ ಮಾಡಿದ. ನೋವೂ ಕಡಿಮೆಯಾದಂತಿತ್ತು. ಮೂರನೆಯ ದಿನ ಸಂಜೆ, ನಮ್ಮ ಮನೆತನದ ಪದ್ಧತಿಯಂತೆ, ಟ್ಯೂಬಿನ ಬಾಲ ಸುತ್ತಿ ಡಬ್ಬಿಯಲ್ಲಿಟ್ಟೆ.

ಐದನೆಯ ದಿನ ರವಿವಾರ. ಊಟಕ್ಕೆ ಕುಳಿತರೆ ತಾಟಿನಲ್ಲಿ ಬಿದ್ದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದಿತ್ತು. ನೀಲಾಳ ರೊಟ್ಟಿ ಅಂದರೆ ನರಗುಂದದ ಅವಳ ತವರಿನವರು ಇವತ್ತಿಗೂ ಮಾತಾಡುತ್ತಾರೆ, ಅಷ್ಟು ತೆಳ್ಳಗೆ, ಅಷ್ಟು ದುಂಡಗೆ. "ಇದೇನ ಇವತ್ತ, ಭಾರತದ ನಕಾಶೆ ಮಾಡೀಯೇನು?" ಎಂದು ನಕ್ಕೆ. ಅಡುಗೆಮನೆಗೆ ಇಣುಕಿದರೆ ಎಡಗೈಯೊಂದರಿಂದಲೇ ಹಿಟ್ಟು ತಟ್ಟುತ್ತಿದ್ದಳು. ಬಲಗೈ ಹೆಬ್ಬೆರಳು ಬಾತು ಕೆಂಪಗಾಗಿತ್ತು, ಉಗುರಿನ ಪಕ್ಕ ಕೀವು ಕಾಣುತ್ತಿತ್ತು. "ಏನಿಲ್ರಿ, ಎಣ್ಣಿಗಾಯಿ ಮಾಡಾಕ ಬದನಿಕಾಯಿ ಹೆಚ್ಚುಮುಂದ ತೊಟ್ಟಿನ ಮುಳ್ಳು ನಟ್ಟಿತ್ತು. ನಿಮ್ಮ ಚಿಮಟಾ ಗೂಟಕ್ಕ ಇತ್ತಲ್ಲ, ಅದರಿಂದ ತಗದೆ. ಹಿಂಗ್ಯಾಕ ಆತೋ ಏನೋ. ರಾತ್ರಿಯೆಲ್ಲ ಸಳಸಳ ಅಂತೈತಿ" ಅಂದಳು. ಆ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ. ನನ್ನ ತುಟಿಗೆ ಕೀವು ತಂದ ಚಿಮಟದ ಹೊಲಸನ್ನು ಅವಳ ಹೆಬ್ಬೆರಳಿಗೂ ದಾಟಿಸಿದ್ದು ನಾನೇ ಎಂದು ಒಳಗೊಳಗೇ ಗೊತ್ತಾಯಿತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅಷ್ಟರಲ್ಲಿ ನನ್ನ ತುಟಿಯೂ ಮತ್ತೆ ಸಿಡಿಯತೊಡಗಿತ್ತು.

ಮರುದಿನ ಇಬ್ಬರೂ ರೋಣಕ್ಕೆ ಹೋದೆವು. ರೇಣುಕಾ ಈ ಸಲ ಎದ್ದು ನಿಲ್ಲಲಿಲ್ಲ. ನನ್ನ ಮೀಸೆಗೆ ಒಂದು ಕಾಗದದ ತುಂಡು ಒತ್ತಿ ತೆಗೆದಳು, ಕಾಗದದ ಮೇಲೆ ಎಣ್ಣೆ ಮೂಡಿತು. "ಸರ್, ಇಷ್ಟೂ ಮುಲಾಮ ಮೀಸಿಗಿ ಕುಡಿಸೀರಿ. ತುಟಿ ಮ್ಯಾಲಿನ ಜಾಗ ಭಾಳ ನಾಜೂಕ ಇರತೈತ್ರಿ, ಇಲ್ಲಿ ಕೀಂವು ಏರಿತಂದ್ರ ನಗೂ ಮಾತಲ್ಲ." ನೀಲಾಳ ಹೆಬ್ಬೆರಳು ನೋಡಿ ಕೀವು ತೆಗೆದು, ಗುಳಿಗೆ ಕೊಟ್ಟು, ಅವಳಿಗೊಂದು, ನನಗೊಂದು ಹೊಸ ಟ್ಯೂಬು ಬರೆದಳು. "ಅಕ್ಕಾರ, ಇನ್ನೂ ನಾಕು ದಿನ ಬಿಟ್ಟಿದ್ರ ಉಗುರು ತಗೀಬೇಕಾಕ್ಕಿತ್ತು" ಅಂದಳು. ನೀಲಾಳ ಮುಖ ಸಣ್ಣದಾಯಿತು. "ರೊಟ್ಟಿ ಬಡ್ಯಾಕ ಬರತೈತಲ್ರಿ?" ಎಂದು ಕೇಳಿದಳು. ನೋವಿನ ಬಗ್ಗೆ ಕೇಳಲಿಲ್ಲ, ರೊಟ್ಟಿಯ ಬಗ್ಗೆ ಕೇಳಿದಳು. ರೇಣುಕಾ ನಮ್ಮಿಬ್ಬರನ್ನೂ ನೋಡಿ, "ಇಬ್ಬರಿಗೂ ಏನೋ ಒಂದ ಸಾಮಾನು ತಾಕೈತ್ರಿ. ಏನಂತ ಗೊತ್ತಾತೇನು?" ಅಂದಳು. ಹೇಳಿಬಿಡಬೇಕಿತ್ತು. "ನನಗೇನ ಗೊತ್ತವಾ" ಅಂದೆ. ಮೀಸೆ ಅಲುಗಲಿಲ್ಲ. ತಿರುಗಿ ಬರುವಾಗ ನೀಲಾ ನಿದ್ದೆ ಹೋದಾಗ ಕೀಲಿಗೊಂಚಲಿನಿಂದ ಚಿಮಟ ಬಿಚ್ಚಿ ಬಸ್ಸಿನ ಕಿಟಕಿಯಿಂದ ಹೊರಗೆ ಎಸೆದೆ.

ಅವತ್ತೇ ಸಂಜೆ ಮೀಸೆ ತೆಗೆಸಿದೆ. ಕ್ಷೌರಿಕ ಮೂರು ಸಲ "ಖರೇನ್ರಿ?" ಎಂದು ಕೇಳಿದ. ಹೊಸ ಬ್ಲೇಡು ಹಾಕೆಂದು ಹೇಳಿ ಕಣ್ಣು ಮುಚ್ಚಿದೆ. ಮರುದಿನ ವರ್ಗಕ್ಕೆ ಹೋದರೆ ಹಿಂದೆಂದೂ ಇಲ್ಲದಷ್ಟು ನಿಶ್ಶಬ್ದ! ಮಕ್ಕಳು ಎದ್ದು ನಿಂತವರು ಕುಳಿತುಕೊಳ್ಳಲೇ ಇಲ್ಲ. ಮೇಲಿನ ಆಫೀಸಿನಿಂದ ಯಾರೋ ತಪಾಸಣೆಗೆ ಬಂದಿದ್ದಾರೆಂದು ತಿಳಿದಿದ್ದರಂತೆ. ನಾನು "ಪೈಥಾಗೊರಸ್" ಅಂದೊಡನೆ ದನಿ ಗುರುತು ಹತ್ತಿ ಎಂದಿನಂತೆ ಗದ್ದಲ ಶುರುವಾಯಿತು. ಎಂದಿನಂತೆ ಎಂಬುದನ್ನು ಆ ದಿನವೇ ಗಮನಿಸಿದೆ. ಮೀಸೆ ಇದ್ದಾಗಲೂ ಇಷ್ಟೇ ಗದ್ದಲ ಇತ್ತು.

ಮುಂದಿನ ಏಳು ದಿನ ನಾನು ಮುಲಾಮು ಹಚ್ಚಿದ ನಿಷ್ಠೆಯನ್ನು ನಮ್ಮಪ್ಪ ಕಂಡಿದ್ದರೆ ಮಗ ಕೈಬಿಟ್ಟುಹೋದ ಅನ್ನುತ್ತಿದ್ದರು. ಮುಂಜಾನೆ, ಮಧ್ಯಾಹ್ನ, ಸಂಜೆ, ಮೊದಲು ನೀಲಾಳ ಬೆರಳಿಗೆ ಅವಳ ಟ್ಯೂಬಿನಿಂದ, ಕೈ ತೊಳೆದು ಆಮೇಲೆ ನನ್ನ ತುಟಿಗೆ ನನ್ನದರಿಂದ. ಅವಳ ಬದಲು ರೊಟ್ಟಿ ಬಡಿಯಲು ಹೋಗಿ ಹಂಚಿಗೆ ಹಿಟ್ಟು ಮೆತ್ತಿದೆ. ಅವಳು ನಕ್ಕಳು. ಆ ನಗು ಕಂಡಾಗ ಚಿಮಟದ ವಿಷಯ ಹೇಳಿಬಿಡೋಣ ಎಂದು ಬಾಯಿ ತೆರೆದು, ಚಹಾ ಕೇಳಿ ಮುಚ್ಚಿದೆ. ನಾಲ್ಕನೆಯ ದಿನ ಒಣಗಿದರೂ ಬಿಡಲಿಲ್ಲ. ಖಾಜಾಸಾಬ ಕಾಲಿನ ಗಾಯಕ್ಕೆಂದು ಟ್ಯೂಬು ಕೇಳಿ ಬಂದಾಗ, "ದವಾಖಾನಿಗಿ ಹೋಗಪಾ, ಪಾಳಿ ಹಚ್ಚು" ಅಂದೆ. ಅವನು ನನ್ನ ಬರಿದಾದ ತುಟಿಯನ್ನೇ ನೋಡುತ್ತ, ತಲೆಗೂ ಏನೋ ಆಗಿದೆ ಎಂಬಂತೆ ಹಿಂದೆ ಸರಿದ. ಏಳನೆಯ ದಿನಕ್ಕೆ ಎರಡೂ ಗಾಯ ಮಾಯ. ಆದರೆ ತೆಳ್ಳಗೆ ಹಚ್ಚಿದ್ದರಿಂದ ನನ್ನ ಟ್ಯೂಬಿನಲ್ಲಿ ಅರ್ಧದಷ್ಟು ಉಳಿದಿತ್ತು. ಒಳ್ಳೆಯ ಮುಲಾಮು. ಒಗೆಯಬೇಕಂತೆ. ನಾನೂ ಮನುಷ್ಯ. ಅಜ್ಜನ ಹಳೆಯ ಸುಣ್ಣದ ಡಬ್ಬಿಯನ್ನು ತೊಳೆದು, ಉಳಿದ ಮುಲಾಮನ್ನೆಲ್ಲ ಅದರೊಳಗೆ ಹಿಂಡಿ, ಸ್ಟೀಲ್ ಡಬ್ಬಿಯ ತಳದಲ್ಲಿಟ್ಟೆ. ಖಾಲಿ ಟ್ಯೂಬನ್ನು ಚಪ್ಪಟೆ ಮಾಡಿ ಜೇಬಿಗೆ ಹಾಕಿಕೊಂಡು ತೋರಿಸಲು ಹೊರಟೆ.

ರೇಣುಕಾ ನೀಲಾಳ ಬೆರಳು ಮಡಚಿಸಿ, ಬಿಡಿಸಿ ನೋಡಿ, "ಇವತ್ತಿಂದ ರೊಟ್ಟಿ ಬಡೀರಿ ಅಕ್ಕಾರ" ಅಂದಳು. ನೀಲಾ ಕೈಮುಗಿದಳು. ನನ್ನ ಸರದಿ ಬಂತು. ಆಕೆ ಕೇಳುವ ಮೊದಲೇ ಟ್ಯೂಬು ತೆಗೆದು ಮೇಜಿನ ಮೇಲಿಟ್ಟೆ, ಹುಡುಗರು ಮನೆಗೆಲಸದ ನೋಟಬುಕ್ಕು ಇಟ್ಟ ಹಾಗೆ. "ಎಲ್ಲಾ ಮುಗದೈತಿ ನೋಡ್ರಿ ಡಾಕ್ಟರ್." ಆಕೆ ಟ್ಯೂಬು ನೋಡಿದಳು. ಆಮೇಲೆ ಮೆಲ್ಲಗೆ, "ಸರ್, ಈ ಕಡೆ ನೋಡ್ರಿ" ಅಂದಳು.

ನೋಡಿದೆ. ಬಯಲಾದ ನನ್ನ ಮೇಲುತುಟಿ, ಎಡ ಮೂಲೆಯಲ್ಲಿ, ನನ್ನ ಮಾತು ಕೇಳದೆ ಸಣ್ಣಗೆ ನಡುಗಿತು.

"ಯಾವ ಡಬ್ಬ್ಯಾಗ ಹಿಂಡಿಟ್ಟೀರಿ ಸರ್?" ಅಂದಳು ರೇಣುಕಾ. "ನಮ್ಮಪ್ಪಾರೂ ಹಿಂಗ ಮಾಡ್ತಾರ್ರಿ. ಏಳು ದಿನಕ್ಕ ಇಡೀ ಟ್ಯೂಬ್ ಎಲ್ಲಿ ಖಾಲಿ ಆಕ್ಕೈತಿ?" ನಾನು "ಸುಣ್ಣದ ಡಬ್ಬಿ" ಅಂದೆ. ಸೂಡಿಯ ವರ್ಗದಲ್ಲಿ ಅವಳು ಅಂದು ತಲೆ ತಗ್ಗಿಸಿದಷ್ಟೇ ತಗ್ಗಿಸಿದೆ. ಅವಳು ಬೈಯಲಿಲ್ಲ. ಅಂದಿನ ಅವಮಾನವನ್ನು ಎತ್ತಲೂ ಇಲ್ಲ. "ತುಟಿ ನೋಡ್ರಿ ಅಕ್ಕಾರ, ಸರ್ ನಮಗ ಕಲಿಸಿದ್ದ ವಿದ್ಯಾ ಇದು" ಎಂದು ನೀಲಾಳಿಗೆ ಹೇಳಿ ನಕ್ಕಳು, ಅಷ್ಟೇ.

ನೀಲಾ ನಗಲಿಲ್ಲ. ಇಪ್ಪತ್ತಾರು ವರ್ಷದಿಂದ ಬೀಗ ಹಾಕಿದ್ದ ಕೋಣೆಯ ಬಾಗಿಲು ತೆರೆದುಕೊಂಡಂತೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕುಳಿತ ಮೇಲೆ ಕೇಳಿದಳು, "ರೀ, ಈ ಕಡೆ ನೋಡ್ರಿ. ಬಸ್ಸಿನ ಕಂಬಿ ಬಡದಿತ್ತ?"

ಎಲ್ಲ ಹೇಳಿದೆ. ಹದಿಮೂರು ಬಿಳಿ ಕೂದಲು, ಚಿಮಟ, ಕಿಟಕಿ. ಹೇಳುವಾಗ ದನಿ ನಡುಗಿತು, ತುಟಿ ನಡುಗಲಿಲ್ಲ. ಅವಳು ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡಳು. ಬೈದರೆ ಚಲೋ ಇತ್ತು. ಕಡೆಗೆ, "ಬಿಳೀ ಕೂದಲಾ ನನಗ ಕಾಣೂದಿಲ್ಲ ಅಂತ ತಿಳದೀರೇನ್ರಿ? ಭಾಳ ವರ್ಷಾತು ಎಣಿಸಾಕತ್ತು" ಅಂದಳು. ಸೆರಗು ಸರಿಮಾಡಿಕೊಂಡು, "ಅದಿರ್ಲಿ. ನನ್ನ ತಮ್ಮ ಹಾಡಿದ್ದು ಹ್ಯಾಂಗಿತ್ತು?" ಅಂದಳು. ನಾನು ಬಸ್ಸು ಬಂತೇನೋ ನೋಡುವ ನೆವದಲ್ಲಿ ಮುಖ ಆ ಕಡೆ ತಿರುಗಿಸಿದೆ.

ಸುಣ್ಣದ ಡಬ್ಬಿಯ ಜೊತೆ ಸ್ಟೀಲ್ ಡಬ್ಬಿಯೂ ಖಾಲಿಯಾಯಿತು. ಅದರಲ್ಲಿ ಈಗ ಮತ್ತೆ ಬೇಸನ್ ಉಂಡೆ ಇವೆ, ಎಷ್ಟು ತಿಂದೆ ಎಂದು ನೀಲಾ ನನ್ನನ್ನು ಕೇಳುತ್ತಾಳೆ, ಎಣಿಸುವುದಿಲ್ಲ, ತುಟಿ ನೋಡುತ್ತಾಳೆ. ನಾನು ಮತ್ತೆ ಮೀಸೆ ಬಿಟ್ಟಿದ್ದೇನೆ. ಹುಡುಗರನ್ನು ಹೆದರಿಸಲಿಕ್ಕಲ್ಲ, ಅವರು ಹೆದರುತ್ತಿರಲಿಲ್ಲ ಎಂಬುದು ಗೊತ್ತಾಗಿದೆ. ಷಡ್ಡಕನ ಮೇಲಿನ ಪೈಪೋಟಿಗೂ ಅಲ್ಲ. ದಿನಾ ಮುಂಜಾನೆ ಕನ್ನಡಿಯಲ್ಲಿ ಎಷ್ಟು ಬೆಳೆಯಿತು ಎಂದು ನೋಡುತ್ತೇನೆ. ಬರುತ್ತಿರುವುದು ಬಹುಪಾಲು ಬಿಳಿಯೇ. ಬರಲಿ, ಒಂದನ್ನೂ ಕೀಳುವುದಿಲ್ಲ. ತುಟಿ ಮುಚ್ಚಿದರೆ ಸಾಕು.